ಸ್ಪೀಡ್‌ವೇ ನೋಡಿ ಬಂದ ಮೇಲೆ ಕೋಲಾರದಲ್ಲಿ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನನ್ನದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಕೌಂಟರಿನ ಗಾಜಿನ ಕೆಳಗೆ ಎರಡು ಕಾಗದ ಇಟ್ಟಿದ್ದೇನೆ. ಕಾಗದದ ತುಂಬ ಚೌಕಗಳು, ಚೌಕದೊಳಗೆ ಪೆನ್ಸಿಲ್‌ನಲ್ಲಿ 3, 2, 1, 0 ಅಂತ ಬರೆದಿದೆ. ಒಂದು ಬ್ರಿಟನ್ನಿನ ಕಾರ್ಡಿಫ್‌ನದು, 2022ರ ಆಗಸ್ಟ್ 13ರಂದು ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿ ಅನ್ನುವ ಸ್ಪೀಡ್‌ವೇ ಬೈಕ್ ರೇಸಿನದು. ಇನ್ನೊಂದು ಅದೇ ದೇಶದ ಪೂಲ್ ಅನ್ನುವ ಊರಿನದು. ಅದರ ಮೂಲೆಯಲ್ಲಿ ಮಣ್ಣಿನ ಕಲೆ ಇದೆ, ಒರೆಸಿಲ್ಲ.

ಕ್ಲಚ್ ಕೇಬಲ್ಲಿಗೆ ಬಂದವರು ಅದನ್ನು ನೋಡುತ್ತಾರೆ. "ಏನಣ್ಣಾ ಇದು?" ಅನ್ನುತ್ತಾರೆ. ನಾನು ಶುರು ಮಾಡಿದರೆ ಅರ್ಧ ಗಂಟೆ. ನರಸಾಪುರದ ಫ್ಯಾಕ್ಟರಿ ಹುಡುಗರಂತೂ ಶಿಫ್ಟ್ ಮುಗಿಸಿ ಬಂದು ಒಂದೊಂದೇ ಪ್ರಶ್ನೆ ಹಾಕುತ್ತಾರೆ. ಹೆಚ್ಚಾಗಿ ಕೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಸ್ಪೀಡ್‌ವೇ ಅಂದ್ರೆ ಏನಣ್ಣಾ? ಮೋಟೋ ಜಿಪಿ ತರಾನಾ?

ಅಲ್ಲ. ಮೋಟೋ ಜಿಪಿ ಡಾಂಬರು ರಸ್ತೆ ಮೇಲೆ ನಡೆಯುವುದು. ಇದು ಮಣ್ಣಿನ ಮೇಲೆ. ಮೊಟ್ಟೆಯಾಕಾರದ ಚಿಕ್ಕ ಟ್ರ್ಯಾಕ್, ಒಂದು ಸುತ್ತು ಅಂದರೆ ಸಾಮಾನ್ಯವಾಗಿ 260ರಿಂದ 425 ಮೀಟರ್. ಒಂದು ಸಲಕ್ಕೆ ನಾಲ್ಕೇ ಜನ. ನಾಲ್ಕೇ ಸುತ್ತು. ಯಾವಾಗಲೂ ಎಡಕ್ಕೇ ತಿರುಗುವುದು, ಬಲಗಡೆಗೆ ಒಂದು ತಿರುವೂ ಇಲ್ಲ. ಹೆಚ್ಚುಕಮ್ಮಿ ಒಂದು ನಿಮಿಷದಲ್ಲಿ ಮುಗಿಯಿತು. ಅದಕ್ಕೆ ಹೀಟ್ ಅನ್ನುತ್ತಾರೆ. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ಇದು ಹೊಸ ಆಟವೇನಲ್ಲ. ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲೆಂಡ್‌ನಲ್ಲಿ 1923ರಲ್ಲಿ ರಾತ್ರಿ ದೀಪದ ಬೆಳಕಲ್ಲಿ ನಡೆದ ರೇಸುಗಳಿಂದ ಇದು ಬೆಳೆಯಿತು ಅಂತ ಸುಮಾರು ಜನ ಹೇಳುತ್ತಾರೆ. ಇಂಗ್ಲೆಂಡಿಗೆ 1928ರಲ್ಲಿ ಬಂತು. ಮೊದಲ ವಿಶ್ವ ಚಾಂಪಿಯನ್ ಆಸ್ಟ್ರೇಲಿಯಾದ ಲಯನೆಲ್ ವಾನ್ ಪ್ರಾಗ್, 1936ರಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಆಗ ಒಂದೇ ರಾತ್ರಿಯಲ್ಲಿ ಚಾಂಪಿಯನ್ ಯಾರು ಅಂತ ತೀರ್ಮಾನ ಆಗುತ್ತಿತ್ತು. 1995ರಿಂದ ಗ್ರ್ಯಾನ್ ಪ್ರಿ ಸರಣಿ ಬಂತು. ಬೇರೆ ಬೇರೆ ದೇಶದಲ್ಲಿ ಹಲವು ರಾತ್ರಿ ರೇಸ್ ಮಾಡಿ, ಎಲ್ಲದರ ಅಂಕ ಕೂಡಿಸುತ್ತಾರೆ.

ನಿಜವಾಗ್ಲೂ ಬ್ರೇಕ್ ಇಲ್ವಾ?

ಇಲ್ಲ. ಮುಂದೂ ಇಲ್ಲ, ಹಿಂದೂ ಇಲ್ಲ. ಇದನ್ನು ಹೇಳಿದಾಗ ಅಂಗಡಿಯಲ್ಲಿ ಒಬ್ಬರೂ ನಂಬುವುದಿಲ್ಲ. ಗೇರ್ ಒಂದೇ. ಕ್ಲಚ್ ಇದೆ, ಅದು ಹೊರಡುವಾಗ ಬೇಕು. 500 ಸಿಸಿ, ಒಂದೇ ಸಿಲಿಂಡರ್. ಪೆಟ್ರೋಲ್ ಅಲ್ಲ, ಮೆಥನಾಲ್ ಹಾಕುತ್ತಾರೆ. ಗಾಡಿ ತೂಕ 77 ಕೆ.ಜಿ.ಗಿಂತ ಕಡಿಮೆ ಇರಬಾರದು ಅಂತ ನಿಯಮ. ನಮ್ಮ ಸ್ಪ್ಲೆಂಡರ್ 110 ಕೆ.ಜಿ. ದಾಟುತ್ತದೆ, ಅದೂ 100 ಸಿಸಿಯದು. ಲೆಕ್ಕ ಹಾಕಿ. ಸ್ಪ್ಲೆಂಡರಿನ ಐದು ಪಟ್ಟು ಇಂಜಿನ್ನು, ಸ್ಪ್ಲೆಂಡರಿಗಿಂತ 30 ಕೆ.ಜಿ. ಹಗುರ.

ಹಾಗಾದರೆ ತಿರುವಿನಲ್ಲಿ ಏನು ಮಾಡುತ್ತಾರೆ? ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸುತ್ತಾರೆ. ಚಕ್ರ ಮಣ್ಣನ್ನು ಕೆರೆದು ಹೊರಗೆ ಎಸೆಯುತ್ತಾ ಅಡ್ಡಡ್ಡ ಹೋಗುತ್ತದೆ. ಎಡಕ್ಕೆ ತಿರುಗುತ್ತಿರುವಾಗಲೇ ಹ್ಯಾಂಡಲ್ ಬಲಕ್ಕೆ ತಿರುಗಿಸಿ ಹಿಡಿದಿರುತ್ತಾರೆ. ಎಡಗಾಲಿಗೆ ಉಕ್ಕಿನ ತಳ ಇರುವ ಶೂ, ಅದನ್ನು ನೆಲಕ್ಕೆ ಊರಿ ಎಳೆದುಕೊಂಡು ಹೋಗುತ್ತಾರೆ. ಆ ಜಾರಾಟವೇ ಅವರಿಗೆ ಬ್ರೇಕು, ಅದೇ ಸ್ಟೀರಿಂಗು. ಥ್ರಾಟಲ್ ಪೂರ್ತಿ ಬಿಟ್ಟುಬಿಟ್ಟರೆ ಗಾಡಿ ನೆಟ್ಟಗೆ ಎದ್ದು ಬೇಲಿ ಕಡೆಗೆ ಹೋಗುತ್ತದೆ. ಹಾಗಾಗಿ ಭಯ ಆದಾಗಲೂ ಅವರು ಕೈ ತೆಗೆಯುವ ಹಾಗಿಲ್ಲ. ನನಗೆ ಇದು ಅರ್ಥ ಆಗಿದ್ದು ಅಲ್ಲಿ ಕೂತು ಏಳೆಂಟು ಹೀಟ್ ನೋಡಿದ ಮೇಲೆ.

ಇನ್ನೊಂದು ವಿಷಯ. ಒಬ್ಬನಿಗೂ ಬ್ರೇಕ್ ಇಲ್ಲದೆ ಇರುವುದೇ ಅಲ್ಲಿ ಒಂದು ರಕ್ಷಣೆ. ಮುಂದೆ ಹೋಗುವವನು ಇದ್ದಕ್ಕಿದ್ದ ಹಾಗೆ ನಿಲ್ಲಿಸಲು ಆಗುವುದಿಲ್ಲ, ಹಿಂದಿನವನು ಹೋಗಿ ಗುದ್ದುವುದಿಲ್ಲ.

ಆ ಗಾಡಿ ಯಾವ ಕಂಪನಿದು?

ನಮ್ಮ ಅಂಗಡಿಗೆ ಬರುವ ಹಿರಿಯರಿಗೆ ಈ ಉತ್ತರ ಹೇಳಲು ನನಗೆ ತುಂಬ ಖುಷಿ. ಎಷ್ಟೋ ವರ್ಷ ಸ್ಪೀಡ್‌ವೇಯಲ್ಲಿ ದೊಡ್ಡ ಹೆಸರು ಅಂದರೆ ಜಾವಾ. ಹೌದು, ಅದೇ ಜಾವಾ. ಜೆಕೊಸ್ಲೊವಾಕಿಯಾದ ದಿವಿಶೋವ್ ಅನ್ನುವ ಊರಲ್ಲಿ ಎಸೊ ಅಂತ ಸ್ಪೀಡ್‌ವೇ ಬೈಕ್ ಮಾಡುವ ಕಾರ್ಖಾನೆ ಇತ್ತು, ಅದು 1964ರಲ್ಲಿ ಜಾವಾ ಜೊತೆ ಸೇರಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಮಾಡುತ್ತಿದ್ದದ್ದು ಟೂ ಸ್ಟ್ರೋಕ್ 250. ಅವರದ್ದು ಫೋರ್ ಸ್ಟ್ರೋಕ್ 500. ಶಬ್ದಕ್ಕೂ ಶಬ್ದಕ್ಕೂ ಸಂಬಂಧ ಇಲ್ಲ, ಆದರೆ ಹೆಸರು ಒಂದೇ ಮನೆಯದು. ಈಗ ಹೆಚ್ಚಿನವರು ಇಟಲಿಯ ಜಿಎಂ ಇಂಜಿನ್ ಹಾಕುತ್ತಾರೆ.

ಹಳೆಯ ಯೆಜ್ಡಿ ಇನ್ನೂ ಓಡಿಸುವ ಒಬ್ಬ ಮೇಷ್ಟ್ರು ಬಂಗಾರಪೇಟೆಯಿಂದ ನಮ್ಮಲ್ಲಿಗೆ ಬರುತ್ತಾರೆ. ಇದನ್ನು ಕೇಳಿ ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ನೋಡಿದ ತಕ್ಷಣ ನಿಮಗೆ ಏನನ್ನಿಸ್ತು?

ಮೊದಲು ಅನ್ನಿಸಿದ್ದು ಎದೆಗೆ. ಕಣ್ಣು, ಕಿವಿ ಎಲ್ಲ ಆಮೇಲೆ.

ನನ್ನ ಅಕ್ಕ ಕಾರ್ಡಿಫ್‌ನಲ್ಲಿ ಇದ್ದಾಳೆ. ಆಸ್ಪತ್ರೆ ಕೆಲಸ. ಅವಳ ಮನೆಗೆ ಹೋಗಿದ್ದಾಗ ಭಾವ ಟಿಕೆಟ್ ತಂದರು. ಪ್ರಿನ್ಸಿಪಾಲಿಟಿ ಸ್ಟೇಡಿಯಂ ಊರಿನ ನಡುವೆಯೇ ಇದೆ, ರೈಲ್ವೆ ಸ್ಟೇಷನ್ನಿಂದ ನಡೆದುಕೊಂಡು ಹೋಗಬಹುದು. ರಗ್ಬಿ ಆಡುವ ಮೈದಾನ ಅದು. ಸ್ಪೀಡ್‌ವೇಗೆ ಅಂತ ಲಾರಿ ಲಾರಿ ಮಣ್ಣು ತಂದು ಸುರಿದು, ಕೆಲವೇ ದಿನದಲ್ಲಿ ಟ್ರ್ಯಾಕ್ ಕಟ್ಟುತ್ತಿದ್ದರು. ಮುಗಿದ ಮೇಲೆ ಎಲ್ಲ ಬಾಚಿಕೊಂಡು ಹೋಗುವುದು.

ಮೊದಲ ಹೀಟಿಗೆ ನಾಲ್ಕು ಜನ ಬಂದು ನಿಂತರು. ಹೆಲ್ಮೆಟ್ ಬಣ್ಣ ಕೆಂಪು, ನೀಲಿ, ಬಿಳಿ, ಹಳದಿ. ಬಂದವರು ಸುಮ್ನೆ ನಿಲ್ಲಲಿಲ್ಲ. ಬೂಟಿನ ತುದಿಯಿಂದ ನೆಲ ಕೆದಕಿದರು. ಹಿಂದಿನ ಚಕ್ರ ಎಲ್ಲಿ ಕೂರಬೇಕೋ ಅಲ್ಲಿ ಮಣ್ಣು ಸರಿಸಿ, ತುಳಿದು, ಮತ್ತೆ ಸರಿಸಿ. ನಮ್ಮಮ್ಮ ಕಡಲೆಕಾಯಿ ಬೀಜ ಹಾಕುವ ಮುಂಚೆ ಕಾಲಲ್ಲಿ ಮಣ್ಣು ನೋಡುತ್ತಿದ್ದರಲ್ಲ, ಅದೇ ಗಮನ. ಬೆರಳಷ್ಟು ಅಗಲದ ಜಾಗಕ್ಕೆ ಅಷ್ಟು ಹೊತ್ತು.

ಆಮೇಲೆ ಮುಂದೆ ಬಂದು ಟೇಪಿನ ಹತ್ತಿರ ನಿಂತರು. ಅಡ್ಡಲಾಗಿ ಕಟ್ಟಿದ ಟೇಪು ಮೇಲಕ್ಕೆ ಚಿಮ್ಮಿದರೆ ಹೊರಡಬೇಕು. ಅದಕ್ಕೆ ಮುಂಚೆ ಮುಟ್ಟಿದರೆ ಆ ಹೀಟಿನಿಂದ ಔಟ್. ನಾಲ್ಕೂ ಇಂಜಿನ್ ಒಟ್ಟಿಗೆ ಏರಿದವು. ಅಲ್ಲಿವರೆಗೆ ಕೂಗುತ್ತಿದ್ದ ಜನ ಒಮ್ಮೆಗೇ ಸುಮ್ಮನಾದರು. ಟೇಪ್ ಹಾರಿತು. ನನ್ನ ಪಕ್ಕೆಲುಬು ಅದುರಿದ್ದು ನನಗೆ ಗೊತ್ತಾಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು, ಉಗುರು ಊರಿತ್ತು. ನಾಲ್ಕು ಜನವೂ ಒಂದೇ ತಿರುವಿಗೆ, ಒಂದೇ ಜಾಗಕ್ಕೆ, ಮಂಡಿಗೆ ಮಂಡಿ ತಾಗುವ ಹಾಗೆ ಹೋದರು. ಇವರು ಬಿದ್ದರು ಅಂದುಕೊಂಡೆ. ಬೀಳಲಿಲ್ಲ. ಆ ಕಡೆ ನೇರದಲ್ಲಿ ಒಬ್ಬನ ಹಿಂದೆ ಒಬ್ಬ ಹೊರಬಂದರು, ಆಗ ಜನ ಉಸಿರು ಬಿಟ್ಟರು.

ಫೋನಲ್ಲಿ ಎಷ್ಟು ವಿಡಿಯೋ ನೋಡಿದ್ದರೂ ಇದು ಸಿಗುವುದಿಲ್ಲ. ಫೋನಿನಲ್ಲಿ ಅದು ಚಿಕ್ಕ ಬೈಕುಗಳು ಗಿರಗಿರ ಸುತ್ತುವ ಹಾಗೆ ಕಾಣುತ್ತದೆ, ಅಷ್ಟೇ.

ವಾಸನೆ ಬಗ್ಗೆ ಯಾವಾಗ್ಲೂ ಹೇಳ್ತೀರಲ್ಲ, ಏನದು?

ಹರಳೆಣ್ಣೆ! ನಮ್ಮ ಕಡೆ ಮಕ್ಕಳಿಗೆ ಹೊಟ್ಟೆ ಸರಿಯಾಗಲಿ ಅಂತ ಕುಡಿಸುತ್ತಿದ್ದ ಅದೇ ಹರಳೆಣ್ಣೆ. ರೇಸಿನ ಇಂಜಿನ್ನಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುವುದು ಹಳೆಯ ಪದ್ಧತಿ. ತುಂಬ ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಅದು ಸುಟ್ಟ ವಾಸನೆ, ಜೊತೆಗೆ ಮೆಥನಾಲ್, ಜೊತೆಗೆ ನೀರು ಚಿಮುಕಿಸಿದ ಮಣ್ಣು. ಅಲ್ಲಿನವರಿಗೆ ಅದು ಬಾಲ್ಯದ ವಾಸನೆ. ಎಷ್ಟೋ ಜನ ಗೇಟಿನೊಳಗೆ ಬಂದ ಕೂಡಲೇ ಮೂಗು ಎತ್ತಿ ಉಸಿರು ಎಳೆದುಕೊಳ್ಳುವುದನ್ನು ನೋಡಿದೆ. ನನಗೆ ನೆನಪಾಗಿದ್ದು ನಮ್ಮಜ್ಜಿ ಅಡುಗೆಮನೆಯಲ್ಲಿ ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುತ್ತಿದ್ದದ್ದು. ಐದು ಸಾವಿರ ಮೈಲಿ ಆಚೆ ಅಜ್ಜಿ ಮನೆ ವಾಸನೆ ಬಂದರೆ ಹೇಗಿರುತ್ತದೆ ಹೇಳಿ.

ಮೆಥನಾಲ್ ವಿಷ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದೇ ಕಷ್ಟ. ಅದಕ್ಕೇ ಗಾಡಿ ಸಿದ್ಧ ಮಾಡುವ ಪಿಟ್ಟಿನಲ್ಲಿ ಅಷ್ಟು ಹುಷಾರಾಗಿರುತ್ತಾರೆ.

ಒಂದು ನಿಮಿಷದ ರೇಸ್ ನೋಡೋಕೆ ಅಷ್ಟು ದೂರ ಹೋಗ್ಬೇಕಾ?

ಒಂದಲ್ಲ, ಇಪ್ಪತ್ತಮೂರು. ನಾವು ನೋಡಿದ ವರ್ಷದ ಕ್ರಮ ಹೀಗಿತ್ತು: 16 ಜನ, 20 ಹೀಟ್. ಒಬ್ಬೊಬ್ಬನಿಗೂ ಐದು ಹೀಟ್. ಐದು ಸಲ, ಸಲಕ್ಕೆ ಮೂರು ಎದುರಾಳಿ, ಅಂದರೆ ಉಳಿದ 15 ಜನರ ಜೊತೆಗೂ ಒಂದೊಂದು ಸಲ ರೇಸ್ ಆದ ಹಾಗೆ. ಈ ಲೆಕ್ಕ ನನಗೆ ತುಂಬ ಇಷ್ಟ, ಯಾರಿಗೂ ಅನ್ಯಾಯ ಇಲ್ಲ. ಮೇಲಿನ ಎಂಟು ಜನ ಎರಡು ಸೆಮಿಫೈನಲ್ಲಿಗೆ, ಅಲ್ಲಿಂದ ನಾಲ್ಕು ಜನ ಫೈನಲ್ಲಿಗೆ. 2025ರಿಂದ ಈ ಕ್ರಮ ಬದಲಾಗಿದೆ, ಮೇಲಿನ ಇಬ್ಬರು ನೇರ ಫೈನಲ್ಲಿಗೆ ಹೋಗುತ್ತಾರೆ.

ನಡುವೆ ಟ್ರ್ಯಾಕ್ಟರ್ ಬಂದು ಮಣ್ಣು ಸಮ ಮಾಡುತ್ತದೆ, ನೀರು ಬಿಡುತ್ತಾರೆ. ಆಗ ಜನ ತಿಂಡಿಗೆ ಓಡುತ್ತಾರೆ. ಬಂಗಾರಪೇಟೆ ಪಾನಿಪೂರಿ ತಿಂದ ಬಾಯಿಗೆ ಅಲ್ಲಿಯ ಆಲೂಗೆಡ್ಡೆ ಚಿಪ್ಸ್ ಸಪ್ಪೆ ಅನ್ನಿಸುತ್ತದೆ, ಅದು ಬಿಡಿ. ಟ್ರ್ಯಾಕ್ಟರ್ ಓಡುವುದನ್ನೂ ಗಮನ ಇಟ್ಟು ನೋಡುವವರು ಇದ್ದಾರೆ. ಮಣ್ಣು ಎಲ್ಲಿ ಸೇರಿತು, ಒಳಗಡೆ ಗಟ್ಟಿಯಾಯಿತಾ, ಹೊರಗಡೆ ಸಡಿಲ ಇದೆಯಾ ಅಂತ. ಯಾಕೆಂದರೆ ಮುಂದಿನ ಹೀಟಿನಲ್ಲಿ ಹಿಡಿತ ಎಲ್ಲಿ ಸಿಗುತ್ತದೋ ಅಲ್ಲಿಂದಲೇ ಓವರ್‌ಟೇಕು.

ಈ ಕಾಗದ ಯಾಕೆ ಇಟ್ಕೊಂಡಿದ್ದೀರಾ? ಸ್ಕೋರ್ ಬೋರ್ಡ್ ಇರಲ್ವಾ ಅಲ್ಲಿ?

ಇರುತ್ತದೆ, ದೊಡ್ಡ ಪರದೆಯೇ ಇರುತ್ತದೆ. ಆದರೂ ಜನ ಕೈಯಲ್ಲಿ ಬರೆಯುತ್ತಾರೆ. ಇದೇ ನನ್ನ ಮನಸ್ಸಿಗೆ ನಾಟಿದ್ದು.

ನನ್ನ ಪಕ್ಕದ ಸೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ಎಪ್ಪತ್ತು ದಾಟಿರಬೇಕು. ಮೊಣಕಾಲ ಮೇಲೆ ಒಂದು ರಟ್ಟು, ಅದಕ್ಕೆ ಕ್ಲಿಪ್ ಹಾಕಿದ ಪುಸ್ತಕ, ಕುತ್ತಿಗೆಗೆ ದಾರದಲ್ಲಿ ಪೆನ್ಸಿಲ್. ಪ್ರತಿ ಹೀಟ್ ಮುಗಿದ ಕೂಡಲೇ ಬರೆಯುತ್ತಿದ್ದರು. ಬಿದ್ದವನಿಗೆ ಒಂದು ಅಕ್ಷರ, ಔಟ್ ಆದವನಿಗೆ ಇನ್ನೊಂದು, ಇಂಜಿನ್ ಕೆಟ್ಟರೆ ಮತ್ತೊಂದು. ನಾನು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದೆ. ಅವರೇ ಬ್ಯಾಗಿನಿಂದ ಇನ್ನೊಂದು ಪೆನ್ಸಿಲ್ ತೆಗೆದು ಕೊಟ್ಟರು. ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದ ಕಾಲದಿಂದ ಬರೆಯುತ್ತಿದ್ದಾರಂತೆ, ಮನೆಯಲ್ಲಿ ಎಲ್ಲ ಪುಸ್ತಕ ಇಟ್ಟಿದ್ದಾರಂತೆ. "ಬರೆಯದಿದ್ದರೆ ನೋಡಿದ ಹಾಗಲ್ಲ" ಅಂದರು.

ಬರೆಯುತ್ತಾ ಹೋದ ಹಾಗೆ ಗೊತ್ತಾಯಿತು. ಹನ್ನೆರಡನೇ ಹೀಟ್ ಹೊತ್ತಿಗೆ ಯಾರಿಗೆ ಎಷ್ಟು ಬೇಕು, ಯಾರು ಯಾರನ್ನು ಇನ್ನೂ ಎದುರಿಸಿಲ್ಲ ಎಲ್ಲ ನನ್ನ ಕಾಗದದಲ್ಲೇ ಇತ್ತು. ಒಬ್ಬ ಮೂರನೆಯ ಸ್ಥಾನಕ್ಕೆ ಅಷ್ಟು ಕಷ್ಟಪಟ್ಟು ಹೋರಾಡುವುದು ಯಾಕೆ ಅಂತ ಮೊದಲು ಅನ್ನಿಸಿತ್ತು. ಆ ಒಂದು ಅಂಕ ಇಲ್ಲದೆ ಒಬ್ಬ ಸೆಮಿಫೈನಲ್ ತಪ್ಪಿಸಿಕೊಂಡಾಗ ಅರ್ಥ ಆಯಿತು. ಗಾಜಿನ ಕೆಳಗಿರುವ ಕಾಗದದಲ್ಲಿ ಮೊದಲ ಮೂರು ಹೀಟಿನ ಅಕ್ಷರ ಅವರದು, ಉಳಿದದ್ದು ನನ್ನದು.

ಜನ ಹೇಗೆ? ಫುಟ್‌ಬಾಲ್ ತರ ಗಲಾಟೆ ಆಗುತ್ತಾ?

ಶಬ್ದ ಜಾಸ್ತಿ, ಗಲಾಟೆ ಇಲ್ಲ. ನಾವು ಇದ್ದ ರಾತ್ರಿ ಒಂದು ಜಗಳವನ್ನೂ ನೋಡಲಿಲ್ಲ. ಈ ತಂಡದವರು ಈ ಕಡೆ, ಆ ತಂಡದವರು ಆ ಕಡೆ ಅಂತ ಬೇಲಿ ಹಾಕಿ ಕೂರಿಸುವ ಪದ್ಧತಿ ಅಲ್ಲಿ ಇರಲಿಲ್ಲ. ನಮ್ಮ ಹಿಂದೆ ಪೋಲೆಂಡಿನವರ ಒಂದು ದೊಡ್ಡ ಗುಂಪು. ಕೆಂಪು ಬಿಳಿ ಬಾವುಟ, ಕುತ್ತಿಗೆಗೆ ಸ್ಕಾರ್ಫು. ಪೋಲೆಂಡಿನಲ್ಲಿ ಈ ಆಟಕ್ಕೆ ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವಂಥ ಹುಚ್ಚು ಇದೆ. ವಾರ್ಸಾದ ರಾಷ್ಟ್ರೀಯ ಸ್ಟೇಡಿಯಂನಲ್ಲಿ ಗ್ರ್ಯಾನ್ ಪ್ರಿ ನಡೆದಾಗ 50,000 ದಾಟಿ ಜನ ಸೇರುತ್ತಿದ್ದರು. ಅವರ ಬಾರ್ತೋಷ್ ಜ್ಮಾರ್ಜ್‌ಲಿಕ್ ಬಂದಾಗ ನಮ್ಮ ಸೀಟು ನಡುಗಿತು. ಅವನು ಒಂದು ಹೀಟ್ ಸೋತರೆ ಗೆದ್ದವನಿಗೂ ಅವರೇ ಚಪ್ಪಾಳೆ ತಟ್ಟುತ್ತಿದ್ದರು.

ನಾವು ಎಲ್ಲಿಯವರು ಅಂತ ಕೇಳಿದರು. ಇಂಡಿಯಾ ಅಂದೆವು. ನಿಮ್ಮಲ್ಲೂ ಸ್ಪೀಡ್‌ವೇ ಇದೆಯಾ ಅಂದರು. ಇಲ್ಲ, ನೋಡಲಿಕ್ಕೇ ಬಂದಿದ್ದೇವೆ ಅಂದಾಗ ಒಬ್ಬ ತನ್ನ ಸ್ಕಾರ್ಫ್ ಬಿಚ್ಚಿ ಭಾವನ ಕುತ್ತಿಗೆಗೆ ಹಾಕಿದ. ವಾಪಸ್ ತೆಗೆದುಕೊಳ್ಳಲೇ ಇಲ್ಲ.

ಆ ವರ್ಷ ಒಂದು ಬೇಸರದ ವಿಷಯವೂ ಇತ್ತು. 2021ರ ಚಾಂಪಿಯನ್ ಆರ್ಟೆಮ್ ಲಗುತಾ ರಷ್ಯಾದವನು. ಯುಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾದ ಸವಾರರನ್ನು ಹೊರಗಿಟ್ಟಿದ್ದರು. ಚಾಂಪಿಯನ್ನೇ ಇಲ್ಲದ ಸರಣಿ ಆಗಿತ್ತು ಅದು.

ಆವತ್ತು ಗೆದ್ದಿದ್ದು ಯಾರು?

ಡ್ಯಾನ್ ಬ್ಯೂಲಿ. ಇಂಗ್ಲೆಂಡಿನವನೇ, 23 ವರ್ಷದ ಹುಡುಗ. 2018ರಲ್ಲಿ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದವನು. ಕಾರ್ಡಿಫ್‌ನಲ್ಲಿ ಅದಕ್ಕೆ ಮುಂಚೆ ಬ್ರಿಟಿಷ್ ಸವಾರ ಗೆದ್ದದ್ದು 2007ರಲ್ಲಿ, ಕ್ರಿಸ್ ಹ್ಯಾರಿಸ್. ಅವನು ಕೊನೆಯ ತಿರುವಿನಲ್ಲಿ ಅಮೆರಿಕದ ಗ್ರೆಗ್ ಹ್ಯಾನ್‌ಕಾಕ್‌ನನ್ನು ದಾಟಿ ಗೆದ್ದ ಕಥೆಯನ್ನು ಆ ಅಜ್ಜಿ ನನಗೆ ಎರಡು ಸಲ ಹೇಳಿದ್ದರು. ಹದಿನೈದು ವರ್ಷ ಕಾದಿದ್ದರು ಅವರು.

ಫೈನಲ್ ಮುಗಿದಾಗ ನನಗೆ ಟ್ರ್ಯಾಕ್ ಕಾಣಲಿಲ್ಲ, ಎಲ್ಲರೂ ಎದ್ದು ನಿಂತಿದ್ದರು. ನಾನು ಅಜ್ಜಿ ಕಡೆ ನೋಡಿದೆ. ಅವರು ಎದ್ದಿರಲಿಲ್ಲ. ಕೂತೇ ಇದ್ದರು. ಆ ಗದ್ದಲದ ನಡುವೆ ತಲೆ ಬಗ್ಗಿಸಿ, ಪೆನ್ಸಿಲ್ ಒತ್ತಿ, ಚೌಕದಲ್ಲಿ ಗೆದ್ದವನ ಅಂಕ ಬರೆಯುತ್ತಿದ್ದರು. ಬರೆದು ಅದರ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಬರೆದೆ, ಕೈ ನಡುಗುತ್ತಿತ್ತು. ಆ ಒಂದು ಅಂಕಿ ಉಳಿದದ್ದಕ್ಕಿಂತ ಸೊಟ್ಟಗಿದೆ ನೋಡಿ.

ಬೀಳ್ತಾರಾ? ಭಯ ಆಗಲ್ವಾ ನೋಡೋಕೆ?

ಬೀಳುತ್ತಾರೆ. ಭಯ ಆಗುತ್ತದೆ. ಅದನ್ನು ಮುಚ್ಚಿಟ್ಟು ಬರೀ ಮಜಾ ಅಂತ ಹೇಳಿದರೆ ತಪ್ಪಾಗುತ್ತದೆ.

ಯಾರಾದರೂ ಬಿದ್ದು ಕೂಡಲೇ ಪಕ್ಕಕ್ಕೆ ಸರಿಯದಿದ್ದರೆ ಕೆಂಪು ದೀಪ, ರೇಸ್ ನಿಲ್ಲಿಸುತ್ತಾರೆ. ತಿರುವಿನಲ್ಲಿ ಗಾಳಿ ತುಂಬಿದ ಮೆತ್ತೆಯ ಬೇಲಿ ಇರುತ್ತದೆ. ಸವಾರನ ಕೈಗೆ ಒಂದು ದಾರ ಕಟ್ಟಿರುತ್ತದೆ, ಅವನು ಗಾಡಿಯಿಂದ ಬೇರೆ ಆದರೆ ದಾರ ಕಿತ್ತು ಇಂಜಿನ್ ಆಫ್. ಆ ಹೊತ್ತಿನಲ್ಲಿ ಜನರ ಮೌನ ನೋಡಬೇಕು. ಅಷ್ಟು ಸಾವಿರ ಜನ, ಒಂದು ಹಾರ್ನ್ ಇಲ್ಲ, ಒಂದು ಕೂಗು ಇಲ್ಲ. ಬಿದ್ದವನು ಯಾವ ದೇಶದವನಾದರೂ ಸರಿ. ಅವನು ಎದ್ದು ಕೈ ಎತ್ತಿದ ಮೇಲೆ ಚಪ್ಪಾಳೆ. ಆಮೇಲೆ ಶುರು ವಾದ, ತಪ್ಪು ಯಾರದು ಅಂತ. ರೇಸ್ ನಿಲ್ಲಲು ಕಾರಣನಾದವನನ್ನು ರೆಫರಿ ಹೊರಗಿಟ್ಟು ಉಳಿದವರನ್ನು ಮತ್ತೆ ಓಡಿಸುತ್ತಾರೆ. ಮೊದಲ ತಿರುವಿನಲ್ಲೇ ಎಲ್ಲರೂ ಒತ್ತಿಕೊಂಡು ಬಿದ್ದರೆ ಕೆಲವು ಸಲ ನಾಲ್ಕೂ ಜನರಿಗೆ ಮತ್ತೆ ಅವಕಾಶ.

2012ರಲ್ಲಿ ಲೀ ರಿಚರ್ಡ್‌ಸನ್ ಅನ್ನುವ ಇಂಗ್ಲೆಂಡಿನ ಸವಾರ ಪೋಲೆಂಡಿನಲ್ಲಿ ಬಿದ್ದು ತೀರಿಕೊಂಡ. 2015ರಲ್ಲಿ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಅಭಿಮಾನಿಗಳು ಈ ಹೆಸರುಗಳನ್ನು ಮರೆತಿಲ್ಲ. ಅವರ ಹೆಸರಿರುವ ಹಳೆಯ ಜಾಕೆಟ್ ಹಾಕಿಕೊಂಡು ಈಗಲೂ ಬರುವವರಿದ್ದಾರೆ.

ದೊಡ್ಡ ಸ್ಟೇಡಿಯಂ ಚೆನ್ನಾಗಿರುತ್ತಾ, ಚಿಕ್ಕ ಟ್ರ್ಯಾಕಾ?

ಎರಡೂ ನೋಡಿ. ಒಂದೇ ನೋಡಲು ಆಗುವುದಾದರೆ ಚಿಕ್ಕದನ್ನು ನೋಡಿ. ಇದು ನನ್ನ ಅಭಿಪ್ರಾಯ, ಭಾವ ಒಪ್ಪುವುದಿಲ್ಲ.

ಕಾರ್ಡಿಫ್ ಆದ ಮೇಲೆ ಒಂದು ಬುಧವಾರ ಪೂಲ್‌ಗೆ ಹೋದೆವು. ಪೂಲ್ ಪೈರೇಟ್ಸ್ ಅಂತ ಅಲ್ಲಿಯ ತಂಡ. ಸಮುದ್ರ ತೀರದ ಊರು, ಅದೇ ಜಾಗದಲ್ಲಿ ನಾಯಿ ರೇಸೂ ನಡೆಯುತ್ತಿತ್ತು. ಅಲ್ಲಿ ತಂಡಕ್ಕೂ ತಂಡಕ್ಕೂ ಪೈಪೋಟಿ. ಊರಿನ ತಂಡದ ಇಬ್ಬರು ಕೆಂಪು ನೀಲಿ, ಹೊರಗಿನ ಇಬ್ಬರು ಬಿಳಿ ಹಳದಿ. ಜೊತೆಗಾರನನ್ನು ಕಾಯುವುದು, ಅವನಿಗೆ ದಾರಿ ಬಿಡುವುದು, ಎದುರಾಳಿಯನ್ನು ಹೊರಗೆ ತಳ್ಳಿಕೊಂಡು ಹೋಗುವುದು, ಈ ಜಾಣತನ ಗ್ರ್ಯಾನ್ ಪ್ರಿಯಲ್ಲಿ ಕಾಣುವುದಿಲ್ಲ.

ಭಾವ ಮೇಲೆ ಕೂರೋಣ ಅಂದರು. ನಾನು ತಿರುವಿನ ಹತ್ತಿರ ಬೇಲಿಗೆ ಒರಗಿ ನಿಂತೆ. ನಾಲ್ಕು ಗಾಡಿ ಮುಂದಿನಿಂದ ಹೋದವು, ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಮಣ್ಣು ಬಂತು. ಮುಖಕ್ಕೆ, ಬಾಯಿಗೆ, ಕಾಲರ್ ಒಳಗೆ, ಕೈಯಲ್ಲಿದ್ದ ಟೀ ಕಪ್ಪಿಗೆ. ಪಕ್ಕದಲ್ಲಿದ್ದವರೆಲ್ಲ ಅದೇ ಕ್ಷಣಕ್ಕೆ ಸರಿಯಾಗಿ ಕಪ್ಪಿನ ಮೇಲೆ ಕೈ ಮುಚ್ಚಿದ್ದರು, ನನಗೆ ಮಾತ್ರ ಗೊತ್ತಿರಲಿಲ್ಲ. ಒಂದು ಹುಡುಗಿ, ಆರೇಳು ವರ್ಷದವಳು, ತನ್ನ ಕನ್ನಡಕ ತೆಗೆದು ಕೊಡಲು ಬಂದಳು. ಮಣ್ಣು ತಡೆಯುವ ಪ್ಲಾಸ್ಟಿಕ್ ಕನ್ನಡಕ. ಆ ಹೀಟಿನ ಕಲೆಯೇ ಕಾಗದದಲ್ಲಿ ಇರುವುದು.

ಬೇಜಾರಾಗಿದ್ದು ಏನೂ ಇಲ್ವಾ?

ಇದೆ. ಟಿಕೆಟ್ ಮಾರಿದ ಕಂಪನಿಯ ಆ್ಯಪ್ ಗೇಟಿನ ಹತ್ತಿರ ತೆರೆಯಲಿಲ್ಲ. ಇಪ್ಪತ್ತು ನಿಮಿಷ ಹೊರಗೇ ನಿಂತೆವು. ಅಕ್ಕ ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು, ನಿಲ್ಲಲು ಆಗುತ್ತಿರಲಿಲ್ಲ. ಟಿಕೆಟ್ಟಿನ ಚಿತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಆಗುವುದಾದರೆ ಪ್ರಿಂಟ್ ಹಾಕಿಸಿ.

ದೊಡ್ಡ ಸ್ಟೇಡಿಯಂಗಳ ಇನ್ನೊಂದು ತೊಂದರೆ ಮಣ್ಣಿನದು. ನಾಲ್ಕು ದಿನದಲ್ಲಿ ಹಾಕಿದ ಮಣ್ಣು ವರ್ಷಗಟ್ಟಲೆ ಕೂತ ಮಣ್ಣಿನ ಹಾಗೆ ಇರುವುದಿಲ್ಲ. ಗುಂಡಿ ಬೀಳುತ್ತದೆ, ಒಂದೇ ದಾರಿ ಆಗಿಬಿಡುತ್ತದೆ, ಓವರ್‌ಟೇಕ್ ಕಡಿಮೆ. 2015ರಲ್ಲಿ ವಾರ್ಸಾದಲ್ಲಿ ಟೇಪು ಎತ್ತುವ ಯಂತ್ರವೂ ಕೈಕೊಟ್ಟು, ಟ್ರ್ಯಾಕೂ ಹಾಳಾಗಿ, 12 ಹೀಟಿಗೇ ನಿಲ್ಲಿಸಬೇಕಾಯಿತು. ಅಷ್ಟು ಸಾವಿರ ಜನ ಅರ್ಧ ನೋಡಿ ಮನೆಗೆ ಹೋದರು. ಅವರ ಸಿಟ್ಟು ನ್ಯಾಯವಾದದ್ದು.

ಮಕ್ಕಳನ್ನ, ವಯಸ್ಸಾದವರನ್ನ ಕರ್ಕೊಂಡು ಹೋಗ್ಬಹುದಾ?

ಧಾರಾಳವಾಗಿ. ಅಲ್ಲಿ ಮೂರು ತಲೆಮಾರು ಒಟ್ಟಿಗೆ ಬರುತ್ತವೆ. ಮಕ್ಕಳ ಕಿವಿಗೆ ಮುಚ್ಚುವ ಹೆಡ್‌ಫೋನ್ ಹಾಕಿ, ದೊಡ್ಡವರಿಗೂ ಹತ್ತಿಯಾದರೂ ಇರಲಿ. ಬಿಳಿ ಬಟ್ಟೆ ಬೇಡ.

ನಾವೂ ಹೋಗ್ಬೇಕು ಅಂದ್ರೆ?

ಇಂಗ್ಲೆಂಡಿಗೆ ವಿಸಿಟರ್ ವೀಸಾ ಬೇಕು, ಬೆಂಗಳೂರಿನಲ್ಲೇ ಬೆರಳಚ್ಚು ಕೊಡಬಹುದು. ಪೋಲೆಂಡ್, ಡೆನ್ಮಾರ್ಕ್, ಸ್ವೀಡನ್ ಆದರೆ ಷೆಂಗೆನ್ ವೀಸಾ. ಬೇಸಿಗೆಯಲ್ಲಿ ವೀಸಾಗೆ ನೂಕುನುಗ್ಗಲು, ಮೂರು ತಿಂಗಳು ಮೊದಲೇ ಶುರು ಮಾಡಿ. ಗಮನಿಸಿ, ಬ್ರಿಟಿಷ್ ಗ್ರ್ಯಾನ್ ಪ್ರಿ 2025ರಲ್ಲಿ ಕಾರ್ಡಿಫ್ ಬಿಟ್ಟು ಮ್ಯಾಂಚೆಸ್ಟರಿಗೆ ಹೋಯಿತು. ಅಲ್ಲಿಯದು ಸ್ಪೀಡ್‌ವೇಗೇ ಅಂತ ಕಟ್ಟಿದ ಚಿಕ್ಕ ಸ್ಟೇಡಿಯಂ. ಸೀಟು ಕಡಿಮೆ, ಆದರೆ ಮಣ್ಣು ನಿಜವಾದ ಮಣ್ಣು.

ಹೋಗಲು ಆಗದವರು ಮನೆಯಲ್ಲೇ ನೋಡಿ. ಬೇಸಿಗೆಯಲ್ಲಿ ಪೋಲೆಂಡಿನ ಸಂಜೆ 7 ಗಂಟೆ ಅಂದರೆ ನಮಗೆ ರಾತ್ರಿ 10:30. ಕಾಗದ ಪೆನ್ಸಿಲ್ ಇಟ್ಟುಕೊಂಡು ಕೂರಿ.

ಯಾರ ಹೆಸರು ಗೊತ್ತಿರಬೇಕು?

ಮೂರು ಹೆಸರು ಸಾಕು. ನ್ಯೂಜಿಲೆಂಡಿನ ಐವನ್ ಮಾಗರ್, ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್, ಪೋಲೆಂಡಿನ ಜ್ಮಾರ್ಜ್‌ಲಿಕ್. ಮೂವರೂ ಆರಾರು ಸಲ ವಿಶ್ವ ಚಾಂಪಿಯನ್. ಜ್ಮಾರ್ಜ್‌ಲಿಕ್ ಆರನೆಯದನ್ನು 2025ರಲ್ಲಿ ಗೆದ್ದ, ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಸ್‌ಗಿಂತ ಒಂದೇ ಒಂದು ಅಂಕ ಮುಂದೆ. ಒಂದು ಅಂಕದ ಬೆಲೆ ಏನು ಅಂತ ಮೇಲೆ ಹೇಳಿದೆನಲ್ಲ, ಇದೇ.

ನಮ್ಮಲ್ಲಿ ಹತ್ತಿರದಲ್ಲಿ ಇಂಥದ್ದೇನಾದ್ರೂ ಇದೆಯಾ?

ಸ್ಪೀಡ್‌ವೇ ಲೀಗ್ ನಮ್ಮ ದೇಶದಲ್ಲಿ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹೆಸರಿನಲ್ಲಿ ಸ್ಪೀಡ್‌ವೇ ಇದೆ, ಅದು ಡಾಂಬರು ಟ್ರ್ಯಾಕ್. ಹೆಸರು ನೋಡಿ ಹೋಗಿ ಮೋಸ ಹೋಗಬೇಡಿ.

ಆದರೆ ಮಣ್ಣಿನ ರೇಸು ಇದೆ. 2024ರ ಫೆಬ್ರವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ಲೀಗಿನ ಒಂದು ಸುತ್ತು ಚಿಕ್ಕಜಾಲದಲ್ಲೇ ನಡೆಯಿತು, ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ. ಅದು ಗುಡ್ಡ ಹಾರಿಸುವ ರೇಸು, ಬೇರೆ ಜಾತಿ. ಆದರೂ ಮಣ್ಣು, ಶಬ್ದ, ತಿರುವಿನ ನೂಕಾಟ ಎಲ್ಲ ಇದೆ. ಇನ್ನು ನಮ್ಮ ಕೋಲಾರ ಜಿಲ್ಲೆಯಲ್ಲೇ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ, ಸಿ.ಎಸ್. ಸಂತೋಷ್ ಶುರು ಮಾಡಿದ್ದು. ಡಾಕರ್ ರ‍್ಯಾಲಿಗೆ ಹೋದ ಮೊದಲ ಭಾರತೀಯ ಅವರು, 2015ರಲ್ಲಿ 36ನೇ ಸ್ಥಾನದಲ್ಲಿ ಮುಗಿಸಿದರು. ಮಣ್ಣಿನಲ್ಲಿ ಬೈಕ್ ಓಡಿಸುವುದನ್ನು ಅಲ್ಲಿ ಕ್ರಮವಾಗಿ ಹೇಳಿಕೊಡುತ್ತಾರೆ.

ನನಗೆ ಒಂದು ಆಸೆ ಇದೆ. ಟೊಮೆಟೊ ತೋಟ ಖಾಲಿ ಇದ್ದಾಗ ನಮ್ಮ ಕೆಂಪು ಮಣ್ಣಿನ ಮೇಲೆ ನೀರು ಬಿಟ್ಟು ರೋಲರ್ ಓಡಿಸಿದರೆ ಎಂಥಾ ಟ್ರ್ಯಾಕ್ ಆಗುತ್ತದೆ ಗೊತ್ತಾ! ಪೂಲ್‌ನಲ್ಲಿ ಬಾಯಿಗೆ ಬಿದ್ದ ಮಣ್ಣಿನ ಬಣ್ಣಕ್ಕೂ ಅಂತರಗಂಗೆ ಬೆಟ್ಟದ ಕೆಳಗಿನ ಮಣ್ಣಿನ ಬಣ್ಣಕ್ಕೂ ಅಂಥಾ ವ್ಯತ್ಯಾಸ ಇರಲಿಲ್ಲ. ಯಾರಾದರೂ ಸರಿಯಾದ ಅನುಮತಿ, ಬೇಲಿ, ಆಂಬುಲೆನ್ಸ್ ಎಲ್ಲ ಇಟ್ಟು ಮಾಡಿದರೆ ಮೊದಲ ಟಿಕೆಟ್ ನಾನು ತೆಗೆದುಕೊಳ್ಳುತ್ತೇನೆ.

ಅಣ್ಣಾ, ನನ್ನ ಗಾಡಿ ಬ್ರೇಕ್ ತೆಗೆದು ಅದೇ ತರ ಮಾಡಿಕೊಡ್ತೀರಾ?

ಮಾಡಿಕೊಡುವುದಿಲ್ಲ. ಮಾಡಿಕೊಡುವವರ ಹತ್ತಿರ ಹೋಗಲೂ ಬೇಡಪ್ಪ. ಅಲ್ಲಿ ನಾಲ್ಕು ಜನ, ನಾಲ್ಕೂ ಜನಕ್ಕೆ ಬ್ರೇಕಿಲ್ಲ, ಎಲ್ಲರೂ ಒಂದೇ ಕಡೆ ತಿರುಗುತ್ತಾರೆ, ಸುತ್ತ ಗಾಳಿ ಬೇಲಿ, ಬಾಗಿಲಲ್ಲಿ ಡಾಕ್ಟರು. ನಮ್ಮ ಹೈವೇಯಲ್ಲಿ ಮುಂದೆ ಟೊಮೆಟೊ ಲಾರಿ, ಎದುರಿಗೆ ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್, ನಡುವೆ ಎಮ್ಮೆ. ಎಲ್ಲದಕ್ಕೂ ಬ್ರೇಕ್ ಬೇಕು. ಬ್ರೇಕ್ ಶೂ ಸವೆದಿದ್ದರೆ ಗಾಡಿ ತೆಗೆದುಕೊಂಡು ಬಾ, ಪಕ್ಕದ ಮೆಕ್ಯಾನಿಕ್ ಹತ್ತಿರ ನಾನೇ ನಿಂತು ಹಾಕಿಸಿಕೊಡುತ್ತೇನೆ. ಅದು ಆಗುವವರೆಗೆ ಕೂತು ಈ ಕಾಗದ ನೋಡುತ್ತಿರಬಹುದು.